ಲೇಬಲ್ ಇಲ್ಲದ ಸಕ್ಯುಲೆಂಟ್: ಬಿಳಿ ಪಟ್ಟೆಯ ಈ ಗಿಡ ಯಾವುದು?

ಪ್ರಶ್ನೆ: ಸ್ನೇಹಿತೆಯೊಬ್ಬರು ಮನೆ ಬದಲಾಯಿಸುವಾಗ ಒಂದು ಪುಟ್ಟ ಕುಂಡ ಕೊಟ್ಟು ಹೋದರು. ಲೇಬಲ್ ಇರಲಿಲ್ಲ, ಅವರಿಗೂ ಹೆಸರು ಗೊತ್ತಿಲ್ಲ. ಗಿಡ ಅಂಗೈಯಷ್ಟು ಅಗಲ. ಕಡು ಹಸಿರು ಬಣ್ಣದ, ಚೂಪು ತುದಿಯ ದಪ್ಪ ಎಲೆಗಳು ನಡುವಿನಿಂದ ಸುತ್ತಲೂ ಹರಡಿವೆ. ಎಲೆಯ ಹೊರಬದಿಯಲ್ಲಿ ಬಿಳಿ ಗುಳ್ಳೆಗಳು ಸಾಲಾಗಿ ಸೇರಿ ಅಡ್ಡಪಟ್ಟೆಯ ಹಾಗೆ ಕಾಣುತ್ತವೆ. ಬುಡದಲ್ಲಿ ಮೂರು ಮರಿಗಳಿವೆ. ಹೋದ ತಿಂಗಳು ತಂತಿಯಂಥ ಕಡ್ಡಿ ಬಂದು, ತುದಿಯಲ್ಲಿ ಪುಟ್ಟ ಬಿಳಿ ಹೂ ಬಿಟ್ಟವು. ಒಬ್ಬರು ಇದು ಲೋಳೆಸರದ ಜಾತಿ ಅಂತಾರೆ, ಇನ್ನೊಬ್ಬರು ಕಳ್ಳಿ ಅಂತಾರೆ. ಫೋನಿನ ಆ್ಯಪ್ ಮೂರು ಸಲ ಕೇಳಿದರೆ ಮೂರು ಹೆಸರು ಹೇಳಿತು. ಕಿಟಕಿಯ ಬಿಸಿಲಿಗೆ ಇಟ್ಟ ಮೇಲೆ ಎಲೆಗಳು ಕೆಂಪಾಗುತ್ತಿವೆ. ವಾರಕ್ಕೆ ಎರಡು ಸಲ ಸ್ವಲ್ಪ ನೀರು ಹಾಕುತ್ತೇನೆ. ಇದು ಯಾವ ಗಿಡ? ಲೋಳೆಸರದ ಹಾಗೆ ಚರ್ಮಕ್ಕೆ ಹಚ್ಚಬಹುದಾ? ಮನೆಯಲ್ಲಿ ಬೆಕ್ಕಿದೆ, ಅದೂ ಒಂದು ಚಿಂತೆ.

ಉತ್ತರ: ನಿಮ್ಮ ಗಿಡ ಹಾವರ್ಥಿಯಾಪ್ಸಿಸ್ ಅಟೆನುಯೇಟಾ. ಗಿಡ ಮಾರುವವರು ಇದನ್ನು ಜೀಬ್ರಾ ಹಾವರ್ಥಿಯಾ ಅಂತಲೋ, ಬರೀ ಜೀಬ್ರಾ ಗಿಡ ಅಂತಲೋ ಕರೆಯುತ್ತಾರೆ. ಬೆಕ್ಕಿನ ವಿಷಯ ಮೊದಲೇ ಹೇಳಿಬಿಡುತ್ತೇನೆ: ಇದು ಬೆಕ್ಕಿಗಾಗಲಿ ನಾಯಿಗಾಗಲಿ ವಿಷವಲ್ಲ. ಚರ್ಮಕ್ಕೆ ಮಾತ್ರ ಹಚ್ಚಬೇಡಿ. ಇದು ಲೋಳೆಸರದ ನೆಂಟ ಹೌದು, ಲೋಳೆಸರ ಅಲ್ಲ. ನೆಂಟಸ್ತಿಕೆ ಇದ್ದ ಮಾತ್ರಕ್ಕೆ ಗುಣ ಒಂದೇ ಇರಬೇಕು ಅಂತೇನಿಲ್ಲ.

ಬರೀ ಹೆಸರು ಬೇಕಿದ್ದರೆ ಇಲ್ಲಿಗೆ ಮುಗಿಯಿತು. ಆದರೆ ನಾಳೆ ಇನ್ನೊಂದು ಲೇಬಲ್ ಇಲ್ಲದ ಕುಂಡ ನಿಮ್ಮ ಮನೆಗೆ ಬಂದೇ ಬರುತ್ತದೆ. ಸಕ್ಯುಲೆಂಟ್ ಸಾಕುವವರ ಮನೆಯಲ್ಲಿ ಒಂದಕ್ಕೇ ನಿಂತದ್ದು ನಾನು ನೋಡಿಲ್ಲ. ಹಾಗಾಗಿ ಈ ಹೆಸರಿಗೆ ನಾನು ಹೇಗೆ ಬಂದೆ ಅನ್ನುವುದನ್ನೂ ಹೇಳುತ್ತೇನೆ.

ಮೊದಲು ನಿಮ್ಮ ಗೊಂದಲ ಎಲ್ಲಿಂದ ಬಂತು ನೋಡೋಣ. ಸಕ್ಯುಲೆಂಟ್ ಅನ್ನುವುದು ಒಂದು ಕುಟುಂಬದ ಹೆಸರಲ್ಲ, ಅದೊಂದು ಬದುಕುವ ರೀತಿ. ಮಳೆ ಅಪರೂಪವಾದ ಜಾಗದಲ್ಲಿ ಗಿಡಕ್ಕೆ ನೀರು ಕೂಡಿಡಬೇಕು, ಕೂಡಿಟ್ಟದ್ದು ಆವಿಯಾಗದಂತೆ ಕಾಯಬೇಕು. ಅದಕ್ಕೆ ಎಲೆ ದಪ್ಪ ಆಗುತ್ತದೆ, ಗಿಡ ಕುಳ್ಳಾಗುತ್ತದೆ, ಎಲೆಗಳು ಒತ್ತೊತ್ತಾಗಿ ಸುತ್ತು ಕಟ್ಟುತ್ತವೆ. ಮೆಕ್ಸಿಕೋದ ಬೆಟ್ಟದ ಗಿಡವೂ ಇದನ್ನೇ ಮಾಡಿತು, ದಕ್ಷಿಣ ಆಫ್ರಿಕಾದ ಗಿಡವೂ ಇದನ್ನೇ ಮಾಡಿತು. ಒಂದಕ್ಕೊಂದು ಸಂಬಂಧವೇ ಇಲ್ಲದ ಗಿಡಗಳು ಕೊನೆಗೆ ಅಣ್ಣತಮ್ಮಂದಿರ ಹಾಗೆ ಕಾಣತೊಡಗಿದವು. ಎಲೆಯ ಆಕಾರ ನೋಡಿ ಹೆಸರು ಹೇಳಲು ಹೋದವರು ಎಡವುವುದು ಇಲ್ಲೇ. ನಿಮ್ಮ ಆ್ಯಪ್ ಮೂರು ಹೆಸರು ಹೇಳಿದ್ದಕ್ಕೂ ಇದೇ ಕಾರಣ. ಮೇಲಿನಿಂದ ತೆಗೆದ ಫೋಟೋದಲ್ಲಿ ಅದಕ್ಕೆ ಕಂಡದ್ದು ಚೂಪು ಎಲೆಗಳ ಒಂದು ಸುತ್ತು ಅಷ್ಟೇ.

ಹೂವು ಹಾಗಲ್ಲ. ಬರಗಾಲ ಎಲೆಯನ್ನು ತಿದ್ದಿದಷ್ಟು ಸುಲಭವಾಗಿ ಹೂವಿನ ಕಟ್ಟುಪಾಡನ್ನು ತಿದ್ದುವುದಿಲ್ಲ. ಕುಟುಂಬದ ಗುರುತು ಅಲ್ಲಿ ಉಳಿದುಕೊಳ್ಳುತ್ತದೆ. ಅದಕ್ಕೇ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋದದ್ದು ಆ ತಂತಿಯಂಥ ಕಡ್ಡಿಯ ಕಡೆಗೆ.

ನೀವು ಕಳಿಸಿದ ಮೂರನೇ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಹೂವು ಒಂದೂವರೆ ಸೆಂಟಿಮೀಟರ್ ಇದ್ದರೆ ಹೆಚ್ಚು. ಬುಡ ಕೊಳವೆಯಂತಿದೆ. ಬಾಯಿ ತೆರೆದ ಕಡೆ ಆರು ದಳಗಳಿವೆ. ಅವು ಗುಂಡಗೆ ಸಮವಾಗಿ ಹರಡಿಲ್ಲ. ಮೂರು ಮೇಲಕ್ಕೆ ಹೋಗಿ ಹಿಂದಕ್ಕೆ ಮಡಚಿವೆ, ಮೂರು ಕೆಳಕ್ಕೆ ಬಾಗಿವೆ. ಹೂವಿಗೆ ಮೇಲ್ತುಟಿ, ಕೆಳತುಟಿ ಇದ್ದ ಹಾಗೆ ಕಾಣುತ್ತದೆ, ಅಲ್ವಾ? ಪ್ರತಿ ದಳದ ನಡುವೆ ಪೆನ್ಸಿಲಿನಲ್ಲಿ ಎಳೆದಂತೆ ಕಂದು ಹಸಿರಿನ ಒಂದು ಗೆರೆ. ಬಿಳಿ, ಪುಟ್ಟ, ಎರಡು ತುಟಿಯ ಹೂ ಅಂದರೆ ಅದು ಹಾವರ್ಥಿಯಾ ಬಳಗ.

ಆರು ದಳ ಕಂಡ ಕೂಡಲೇ ಎಷ್ಟೋ ಗಿಡಗಳು ಪಟ್ಟಿಯಿಂದ ಹೊರಗೆ ಹೋದವು. ಎಚೆವೆರಿಯಾ, ಕ್ರಾಸುಲಾ ಮತ್ತು ಸೀಡಮ್‌ಗಳಿಗೆ ಸಾಮಾನ್ಯವಾಗಿ ಐದು ದಳ. ಕಲಂಚೋಗೆ ನಾಲ್ಕು, ಕಾಡುಬಸಳೆಯೂ ಆ ಗುಂಪಿನದೇ. ಕ್ಯಾಕ್ಟಸ್ ಹೂವಿನ ದಳ ಎಣಿಸುತ್ತಾ ಹೋದರೆ ಲೆಕ್ಕವೇ ತಪ್ಪುತ್ತದೆ, ಅಷ್ಟು ಜಾಸ್ತಿ. ಆರು ದಳ ಇರುವುದು ಲೋಳೆಸರ, ಗ್ಯಾಸ್ಟೀರಿಯಾ, ಹಾವರ್ಥಿಯಾ ಮತ್ತು ಕತ್ತಾಳೆಗಳಿಗೆ. ಇವುಗಳಲ್ಲೂ ಹೂವೇ ದಾರಿ ತೋರಿಸುತ್ತದೆ. ಲೋಳೆಸರದ ಜಾತಿಗಳಲ್ಲಿ ಹೆಚ್ಚಿನವಕ್ಕೆ ಕೆಂಪು, ಕಿತ್ತಳೆ ಅಥವಾ ಹಳದಿ ಬಣ್ಣದ ಉದ್ದ ಕೊಳವೆ ಹೂ. ಗ್ಯಾಸ್ಟೀರಿಯಾದ ಹೂ ಬುಡದಲ್ಲಿ ಊದಿಕೊಂಡು ಬಾಗಿರುತ್ತದೆ. ಗ್ರೀಕ್ ಭಾಷೆಯಲ್ಲಿ ಗ್ಯಾಸ್ಟರ್ ಅಂದರೆ ಹೊಟ್ಟೆ, ಆ ಹೆಸರು ಬಂದದ್ದೇ ಹೂವಿನ ಈ ಹೊಟ್ಟೆಯಿಂದ. ಕತ್ತಾಳೆ ಹೂ ಬಿಡಲು ಎಷ್ಟೋ ವರ್ಷ ಬೇಕು, ಬಿಟ್ಟ ಮೇಲೆ ಹೆಚ್ಚಿನ ಜಾತಿಗಳಲ್ಲಿ ಆ ತಾಯಿಗಿಡ ಸಾಯುತ್ತದೆ. ಅಂಗೈಯಗಲದ ಕುಂಡದಲ್ಲಿ ಹೂ ಬಿಟ್ಟು ಇನ್ನೂ ಗಟ್ಟಿಯಾಗಿ ನಿಂತಿರುವ ನಿಮ್ಮ ಗಿಡ ಕತ್ತಾಳೆ ಆಗಲಾರದು.

ಹೂವನ್ನು ಕಾಯದೆ ಹೆಸರಿಟ್ಟು ನಾನೂ ಒಮ್ಮೆ ತಪ್ಪಿದ್ದೇನೆ. ನಿಮ್ಮದರ ಹಾಗೆಯೇ ಬಿಳಿ ಚುಕ್ಕೆಯ ಒಂದು ಪುಟ್ಟ ಗಿಡ ಬಂತು. ಹಾವರ್ಥಿಯಾ ಅಂತ ಬರೆದು ಕುಂಡಕ್ಕೆ ಚುಚ್ಚಿದೆ. ಎರಡು ವರ್ಷ ಹಾಗೇ ಕರೆದೆ, ಹಾಗೇ ಇನ್ನೊಬ್ಬರಿಗೂ ಮರಿ ಕೊಟ್ಟೆ. ಮೂರನೇ ವರ್ಷ ದಪ್ಪ ಕಡ್ಡಿ ಎದ್ದು ಕಿತ್ತಳೆಗೆಂಪು ಹೂಗಳ ಗೊಂಚಲು ಇಳಿಬಿತ್ತು. ಅದು ಅರಿಸ್ಟಾಲೋ ಅರಿಸ್ಟಾಟಾ, ಲೋಳೆಸರದ ಹತ್ತಿರದ ಸಂಬಂಧಿ. ಆಮೇಲೆ ಎಲೆ ನೋಡಿದರೆ ಗುರುತು ಅಲ್ಲೇ ಇತ್ತು. ಪ್ರತಿ ಎಲೆಯ ತುದಿಯಲ್ಲಿ ಒಣಗಿದ ಕೂದಲಿನಂಥ ಒಂದು ಎಳೆ, ಅಂಚಿನಲ್ಲಿ ಮೆತ್ತನೆಯ ಬಿಳಿ ಹಲ್ಲುಗಳು. ನಾನು ಅದನ್ನು ಬೆರಳಿನಿಂದ ಮುಟ್ಟಿಯೇ ನೋಡಿರಲಿಲ್ಲ. ಮರಿ ತೆಗೆದುಕೊಂಡವರಿಗೆಲ್ಲ ಹೇಳಿ ಲೇಬಲ್ ಬದಲಾಯಿಸಬೇಕಾಯಿತು.

ಆದ್ದರಿಂದ ಈಗ ನಿಮ್ಮ ಗಿಡವನ್ನು ಮುಟ್ಟಿ ನೋಡಿ.

ಒಂದು ಬಿಳಿ ಗುಳ್ಳೆಯ ಮೇಲೆ ಉಗುರು ಮೆಲ್ಲಗೆ ಎಳೆಯಿರಿ. ಉಗುರು ತಡೆದು ತಡೆದು ಹೋಗುತ್ತದೆ. ಅಂದರೆ ಅದು ಎಲೆಯ ಮೇಲೆ ಎದ್ದಿರುವ ಗಂಟು, ಬರೀ ಬಣ್ಣವಲ್ಲ. ಎಳೆಯ ಲೋಳೆಸರದ ಎಲೆಯ ಮೇಲೂ ಬಿಳಿ ಚುಕ್ಕೆಗಳಿರುತ್ತವೆ. ಅಲ್ಲಿ ಉಗುರು ನುಣ್ಣಗೆ ಜಾರುತ್ತದೆ, ಯಾಕೆಂದರೆ ಆ ಚುಕ್ಕೆ ಚರ್ಮದ ಬಣ್ಣ ಅಷ್ಟೇ. ಈಗ ಎಲೆಯ ಅಂಚಿನ ಮೇಲೆ ಬೆರಳು ಓಡಿಸಿ. ಲೋಳೆಸರವಾದರೆ ಗರಗಸದ ಹಾಗೆ ಹಲ್ಲು ಸಿಗುತ್ತದೆ. ನಿಮ್ಮದರಲ್ಲಿ ಅಲ್ಲಲ್ಲಿ ಗುಳ್ಳೆ ಬಿಟ್ಟರೆ ಹಲ್ಲಿಲ್ಲ. ಲೋಳೆಸರದ ಎಲೆ ಕೊಯ್ದರೆ ಸಿಪ್ಪೆಯ ಕೆಳಗಿನಿಂದ ಹಳದಿ ಬಣ್ಣದ ಕಹಿ ರಸ ಒಸರುತ್ತದೆ. ನಿಮ್ಮ ಗಿಡದಲ್ಲಿ ಅದೂ ಬರುವುದಿಲ್ಲ.

ಇನ್ನು ಎಲೆಯ ಒಳಬದಿ, ಅಂದರೆ ಆಕಾಶ ನೋಡುವ ಬದಿ. ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಣ್ಣ ಸಣ್ಣ ಹಸಿರು ಅಥವಾ ಬಿಳಿ ಚುಕ್ಕೆಗಳು ಎದ್ದಿರುತ್ತವೆ, ಸೂಜಿಮೊನೆಯಷ್ಟು. ಇದು ತುಂಬಾ ಮುಖ್ಯ. ಯಾಕೆಂದರೆ ಇದಕ್ಕೊಂದು ಅವಳಿಯಂಥ ಗಿಡವಿದೆ, ಹಾವರ್ಥಿಯಾಪ್ಸಿಸ್ ಫ್ಯಾಸಿಯೇಟಾ ಅಂತ. ಅದರ ಒಳಬದಿ ನುಣುಪು, ಗುಳ್ಳೆ ಏನಿದ್ದರೂ ಹೊರಬದಿಗೆ ಮಾತ್ರ. ಅದರ ಎಲೆ ಇನ್ನೂ ಅಗಲ, ಇನ್ನೂ ಗಿಡ್ಡ, ಒಳಕ್ಕೆ ಬಾಗಿ ಮುಷ್ಟಿ ಮುಚ್ಚಿದಂತೆ ಇರುತ್ತದೆ. ಅಟೆನುಯೇಟಾದ ಎಲೆ ಸಪೂರವಾಗಿ, ಉದ್ದವಾಗಿ, ಹೊರಕ್ಕೆ ಚಾಚಿರುತ್ತದೆ. ಇನ್ನೂ ಅನುಮಾನ ಇದ್ದರೆ ಬುಡದ ಒಂದು ಹಳೆಯ ಎಲೆಯನ್ನು ಮುರಿದು ಎರಡೂ ತುಂಡನ್ನು ನಿಧಾನವಾಗಿ ಎಳೆಯಿರಿ. ಫ್ಯಾಸಿಯೇಟಾದಲ್ಲಿ ನಾರು ಇರುತ್ತದೆ. ಅಟೆನುಯೇಟಾ ಸೌತೆಕಾಯಿ ಮುರಿದಂತೆ ಮುರಿಯುತ್ತದೆ.

ಅಂಗಡಿಗಳಲ್ಲಿ ಫ್ಯಾಸಿಯೇಟಾ ಅನ್ನುವ ಲೇಬಲ್ಲೇ ಜಾಸ್ತಿ ಕಾಣುತ್ತದೆ. ಲೇಬಲ್ ಯಾವುದೇ ಇರಲಿ, ಒಳಗಿರುವ ಗಿಡ ಹೆಚ್ಚಿನ ಸಲ ಅಟೆನುಯೇಟಾ. ನಿಜವಾದ ಫ್ಯಾಸಿಯೇಟಾ ಮನೆಯ ಕುಂಡಗಳಲ್ಲಿ ಅಪರೂಪ. ಲೇಬಲ್ ಇಲ್ಲ ಅಂತ ನೀವು ಕೊರಗಬೇಕಿಲ್ಲ ಅಂತ ನಾನು ಹೇಳುವುದು ಇದಕ್ಕೇ. ಲೇಬಲ್ ಇದ್ದಿದ್ದರೂ ನೀವು ಈ ಉಗುರಿನ ಪರೀಕ್ಷೆ ಮಾಡಲೇಬೇಕಿತ್ತು.

ಕಳ್ಳಿ ಅಂದವರ ಮಾತಿಗೂ ಒಂದು ಅರ್ಥವಿದೆ. ಕನ್ನಡದಲ್ಲಿ ಕಳ್ಳಿ ಅನ್ನುವ ಪದವನ್ನು ನಾವು ಎರಡು ಬೇರೆ ಕುಟುಂಬಗಳಿಗೆ ಬಳಸುತ್ತೇವೆ. ಪಾಪಸುಕಳ್ಳಿ ನಿಜವಾದ ಕ್ಯಾಕ್ಟಸ್. ಹಾಲುಗಳ್ಳಿ ಕ್ಯಾಕ್ಟಸ್ ಅಲ್ಲವೇ ಅಲ್ಲ, ಅದು ಯುಫೋರ್ಬಿಯಾ. ಮುಳ್ಳು ನೋಡಿ ಇವನ್ನು ಬೇರೆ ಮಾಡಲು ಆಗುವುದಿಲ್ಲ. ಮುಳ್ಳು ಎಲ್ಲಿಂದ ಹುಟ್ಟಿದೆ ಅಂತ ನೋಡಬೇಕು. ಕ್ಯಾಕ್ಟಸ್ ಆದರೆ ಮೈಮೇಲೆ ಅಲ್ಲಲ್ಲಿ ಹತ್ತಿಯ ಚುಕ್ಕೆಯಂಥ ಮೆತ್ತನೆಯ ಗುಬುಟು ಇರುತ್ತದೆ. ಮುಳ್ಳು, ಹೂ, ಕವಲು ಎಲ್ಲ ಬರುವುದು ಅದರಿಂದಲೇ. ರಾತ್ರಿ ಅರಳುವ, ಮನೆಗಳಲ್ಲಿ ಬ್ರಹ್ಮಕಮಲ ಅಂತ ಬೆಳೆಸುವ ಗಿಡಕ್ಕೆ ಚುಚ್ಚುವ ಮುಳ್ಳೇ ಇಲ್ಲ, ಆದರೂ ಅದು ಕ್ಯಾಕ್ಟಸ್. ಯುಫೋರ್ಬಿಯಾದಲ್ಲಿ ಆ ಹತ್ತಿಯ ಗುಬುಟು ಇರುವುದಿಲ್ಲ, ಮುಳ್ಳುಗಳು ಹೆಚ್ಚಾಗಿ ಜೋಡಿ ಜೋಡಿ. ಸ್ವಲ್ಪ ಗೀರು ಬಿದ್ದರೂ ಬೆಳ್ಳಗೆ ಹಾಲು ಬರುತ್ತದೆ. ಆ ಹಾಲು ಕಣ್ಣಿಗೆ ತಾಗಿದರೆ ಬಹಳ ಅಪಾಯ. ಗುರುತು ಗೊತ್ತಿಲ್ಲದ ಗಿಡವನ್ನು ಚುಚ್ಚಿ, ಮುರಿದು ನೋಡುವ ಮೊದಲು ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆಮೇಲೆ ಕೈ ಚೆನ್ನಾಗಿ ತೊಳೆಯಿರಿ. ಮೇಲೆ ನಾನು ಹೇಳಿದ ಎಲೆ ಮುರಿಯುವ ಪರೀಕ್ಷೆಗೂ ಇದು ಅನ್ವಯಿಸುತ್ತದೆ. ಮನೆಯಲ್ಲಿ ಮಗು, ಬೆಕ್ಕು, ನಾಯಿ ಇದ್ದರಂತೂ ಹೆಸರು ಗೊತ್ತಾಗುವ ತನಕ ಯಾವುದೇ ಸಕ್ಯುಲೆಂಟನ್ನು ಅವಕ್ಕೆ ಎಟುಕದ ಕಡೆ ಇಡಿ. ಲೋಳೆಸರ, ಜೇಡ್ ಗಿಡ, ಕಲಂಚೋ, ಯುಫೋರ್ಬಿಯಾ ಈ ನಾಲ್ಕೂ ಬೆಕ್ಕಿಗೆ ಒಳ್ಳೆಯದಲ್ಲ. ನನ್ನ ಮಟ್ಟಿಗೆ ಸರಿಯಾದ ಹೆಸರು ಬೇಕು ಅನ್ನುವುದಕ್ಕೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ.

ಹೂವಿಲ್ಲದ ಗಿಡ ಬಂದಾಗ ಏನು ಮಾಡುವುದು ಅಂತ ನೀವು ಕೇಳಬಹುದು. ನಾನು ಮೊದಲು ನೋಡುವುದು ಎಲೆಗಳು ಹೇಗೆ ಕೂತಿವೆ ಅನ್ನುವುದನ್ನು. ಎರಡೆರಡು ಎಲೆ ಎದುರುಬದುರು ಕೂತು, ಮುಂದಿನ ಜೋಡಿ ಅದಕ್ಕೆ ಅಡ್ಡವಾಗಿ ಬಂದಿದ್ದರೆ ಕ್ರಾಸುಲಾ ಇರಬಹುದು, ಜೇಡ್ ಗಿಡ ಇದಕ್ಕೆ ಒಳ್ಳೆಯ ಉದಾಹರಣೆ. ಜೇಡ್ ಅಂತ ತಂದ ಗಿಡದ ಎಲೆ ಕಿರುಬೆರಳಿನ ಉಗುರಿನಷ್ಟೇ ಇದ್ದು, ಎಳೆಯ ಕಾಂಡ ಕೆಂಪು ಕಂದು ಇದ್ದರೆ ಅದು ಪೋರ್ಚುಲಕೇರಿಯಾ ಆಫ್ರಾ, ಬೇರೆಯದೇ ಕುಟುಂಬ. ಎಲೆಗಳು ಪುಸ್ತಕದ ಹಾಳೆಯ ಹಾಗೆ ಎರಡೇ ಸಾಲಿನಲ್ಲಿ, ನಾಲಗೆಯಂತೆ ಮೊಂಡಾಗಿ ಇದ್ದರೆ ಗ್ಯಾಸ್ಟೀರಿಯಾ ಆಗಿರಬಹುದು. ಎಳೆಯ ಲೋಳೆಸರವೂ ಎರಡು ಸಾಲಿನಲ್ಲೇ ಶುರುವಾಗುತ್ತದೆ, ಅದಕ್ಕೇ ಅಂಚಿನ ಹಲ್ಲು ನೋಡಿ ಅಂದದ್ದು. ಗುಲಾಬಿ ಅರಳಿದಂತೆ ಸುತ್ತು ಕಟ್ಟಿ, ಮೈಮೇಲೆ ಬೂದಿ ಬಳಿದಂಥ ಪುಡಿ ಇದ್ದರೆ ಎಚೆವೆರಿಯಾ ಅಥವಾ ಗ್ರಾಪ್ಟೊಪೆಟಾಲಮ್. ಆ ಪುಡಿ ಗಿಡ ತಾನೇ ಮಾಡಿಕೊಂಡ ಮೇಣ, ಬಿಸಿಲಿನಿಂದ ಕಾಯುತ್ತದೆ. ಬೆರಳು ತಾಗಿದರೆ ಗುರುತು ಉಳಿದುಬಿಡುತ್ತದೆ, ಇವನ್ನು ಮಾತ್ರ ಮುಟ್ಟದೆ ನೋಡಿ. ಕತ್ತಾಳೆಯಲ್ಲಿ ಒಂದು ಚೆಂದದ ಗುರುತಿದೆ. ಮೊಗ್ಗಿನಲ್ಲಿ ಎಲೆಗಳು ಒಂದನ್ನೊಂದು ಒತ್ತಿಕೊಂಡಿದ್ದಾಗ ಪಕ್ಕದ ಎಲೆಯ ಹಲ್ಲಿನ ಅಚ್ಚು ಇದರ ಮೈಮೇಲೆ ಮೂಡುತ್ತದೆ. ಎಲೆ ಬಿಚ್ಚಿ ಎಷ್ಟು ದಿನವಾದರೂ ಆ ಅಚ್ಚು ಹೋಗುವುದಿಲ್ಲ.

ಬಣ್ಣವನ್ನು ಮಾತ್ರ ನಂಬಬೇಡಿ. ಒಂದೇ ಗಿಡ ನೆರಳಿನಲ್ಲಿ ಹಸಿರು, ಬಿಸಿಲಿನಲ್ಲಿ ಕೆಂಪು. ಬೆಳಕು ಸಾಲದೆ ಹೋದರೆ ಎಲೆಗಳ ನಡುವೆ ಅಂತರ ಬಂದು ಗಿಡ ಉದ್ದುದ್ದ ಎಳೆದುಕೊಂಡು, ಅದರ ತಾಯಿಯೇ ಗುರುತು ಹಿಡಿಯದ ಹಾಗೆ ಆಗುತ್ತದೆ. ಅಂಥ ಗಿಡವನ್ನು ಕೆಲವು ವಾರ ಒಳ್ಳೆಯ ಬೆಳಕಿನಲ್ಲಿ ಇಟ್ಟು, ಹೊಸ ಎಲೆ ಬಂದ ಮೇಲೆ ಅದನ್ನು ನೋಡಿ ಹೆಸರು ಹುಡುಕಬೇಕು. ಇನ್ನೊಂದು ವಿಷಯ. ಮಾರುವಾಗ ಈ ಜೀಬ್ರಾ ಗಿಡಕ್ಕೆ ನೀಲಿ, ಗುಲಾಬಿ ಬಣ್ಣ ಬಳಿಯುವುದೂ ಇದೆ. ಒದ್ದೆ ಹತ್ತಿಯಿಂದ ಒರೆಸಿ ನೋಡಿ, ನಡುವಿನಿಂದ ಬರುವ ಹೊಸ ಎಲೆ ಹಸಿರಾಗಿಯೇ ಇದೆಯಾ ಅಂತಲೂ ನೋಡಿ. ಬಣ್ಣದ ಪದರ ಎಲೆಗೆ ಬೆಳಕು ತಾಗದಂತೆ ಮಾಡುತ್ತದೆ. ಇಂಥದ್ದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೆಸರಿನ ಕಥೆಯನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಹುಡುಕುವಾಗ ಗೊಂದಲವಾಗುತ್ತದೆ. ಈ ಬಳಗದ ಗಿಡಗಳನ್ನು ಮೊದಲು ಅಲೋ ಕುಲದಲ್ಲೇ, ಅಂದರೆ ಲೋಳೆಸರದ ಕುಲದಲ್ಲೇ ಸೇರಿಸಿದ್ದರು. 1809ರಲ್ಲಿ ಡುವಾಲ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞ ಹಾವರ್ಥಿಯಾ ಅಂತ ಬೇರೆ ಕುಲ ಮಾಡಿದ. ಸಕ್ಯುಲೆಂಟ್‌ಗಳನ್ನು ಬಹಳವಾಗಿ ಅಧ್ಯಯನ ಮಾಡಿದ ಇಂಗ್ಲೆಂಡಿನ ಏಡ್ರಿಯನ್ ಹಾರ್ಡಿ ಹಾವರ್ತ್ ಅವರ ನೆನಪಿಗೆ ಇಟ್ಟ ಹೆಸರದು. 2013ರಲ್ಲಿ ಬ್ರಿಟಿಷ್ ಸಸ್ಯಶಾಸ್ತ್ರಜ್ಞ ಗಾರ್ಡನ್ ರೌಲಿ ಇದರಲ್ಲಿ ಗಟ್ಟಿ ಎಲೆಯ ಹಲವು ಜಾತಿಗಳನ್ನು ಬೇರ್ಪಡಿಸಿ ಹಾವರ್ಥಿಯಾಪ್ಸಿಸ್ ಅನ್ನುವ ಕುಲಕ್ಕೆ ಹಾಕಿದರು. ಹಾಗಾಗಿ ಹಳೆಯ ಪುಸ್ತಕದಲ್ಲಿ ಹಾವರ್ಥಿಯಾ ಅಟೆನುಯೇಟಾ ಅಂತ ಸಿಕ್ಕಿದರೆ ಅದೂ ನಿಮ್ಮ ಗಿಡವೇ. ಜೀಬ್ರಾ ಗಿಡ ಅಂತ ಹುಡುಕಿದರೆ ಮಾತ್ರ ಅಗಲ ಎಲೆಯ, ಹಳದಿ ಹೂವಿನ ಅಫೆಲ್ಯಾಂಡ್ರಾ ಅನ್ನುವ ಬೇರೆಯದೇ ಗಿಡವೂ ಬರುತ್ತದೆ. ಅದಕ್ಕೆ ಬೇಕಾದಷ್ಟು ನೀರನ್ನು ಇದಕ್ಕೆ ಹಾಕಿದರೆ ಇದು ಕೊಳೆತು ಹೋಗುತ್ತದೆ.

ಈಗ ಕೆಂಪಾಗುತ್ತಿರುವ ಎಲೆಗಳ ವಿಷಯ. ಇಲ್ಲಿ ಹೆಸರು ಕೆಲಸಕ್ಕೆ ಬರುತ್ತದೆ. ನಿಮ್ಮ ಗಿಡದ ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್. ಅಲ್ಲಿ ಇದು ಪೊದೆಗಳ ಬುಡದಲ್ಲಿ, ಬಂಡೆಯ ಮರೆಯಲ್ಲಿ ಬೆಳೆಯುತ್ತದೆ. ಸಕ್ಯುಲೆಂಟ್ ಅಂದರೆ ಸುಡುಬಿಸಿಲು ಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಎಚೆವೆರಿಯಾ ಆಗಿದ್ದರೆ ನಿಮ್ಮ ಕಿಟಕಿ ಅದಕ್ಕೆ ಹಿಡಿಸುತ್ತಿತ್ತು. ಇದಕ್ಕೆ ಬೇಕಾದ್ದು ಒಳ್ಳೆಯ ಬೆಳಕು, ಬೆಳಗಿನ ಎಳೆಬಿಸಿಲು, ಆಮೇಲೆ ನೆರಳು. ಜಾಸ್ತಿ ಬಿಸಿಲು ಬಿದ್ದಾಗ ಎಲೆ ತನ್ನನ್ನು ಕಾಪಾಡಿಕೊಳ್ಳಲು ಕೆಂಪು ಬಣ್ಣ ತಯಾರಿಸುತ್ತದೆ. ಅದು ರೋಗವಲ್ಲ. ಕಿಟಕಿಯಿಂದ ಎರಡು ಅಡಿ ಒಳಕ್ಕೆ ತನ್ನಿ ಅಥವಾ ತೆಳು ಪರದೆ ಎಳೆಯಿರಿ, ನಿಧಾನವಾಗಿ ಹಸಿರು ಮರಳುತ್ತದೆ.

ಆದರೆ ನೀವು ಬರೆದ ಇನ್ನೊಂದು ಮಾತು ನನಗೆ ಬಿಸಿಲಿಗಿಂತ ಜಾಸ್ತಿ ಚಿಂತೆ ತಂದಿದೆ. ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ನೀರು. ಇದರಿಂದ ಮೇಲಿನ ಮಣ್ಣು ಸದಾ ಒದ್ದೆ, ಕೆಳಗಿನ ಬೇರಿಗೆ ನೀರೇ ಇಲ್ಲ ಅನ್ನುವ ಹಾಗೆ ಆಗುತ್ತದೆ. ಬುಡ ಹಿಡಿದು ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ. ಗಟ್ಟಿಯಾಗಿ ನಿಂತಿದ್ದರೆ ಬೇರು ಚೆನ್ನಾಗಿದೆ. ಲಡಲಡ ಅಂತ ಅಲ್ಲಾಡಿದರೆ ಬೇರು ಕೊಳೆತಿದೆ, ಆಗ ಬಿಸಿಲಿಲ್ಲದೆಯೂ ಎಲೆ ಕೆಂಪಾಗಿ ಸುಕ್ಕುಗಟ್ಟುತ್ತದೆ. ಹಾಗಾಗಿದ್ದರೆ ಕುಂಡದಿಂದ ತೆಗೆದು, ಕಪ್ಪಾದ ಮೆತ್ತನೆಯ ಬೇರುಗಳನ್ನು ಕತ್ತರಿಸಿ, ನಾಲ್ಕೈದು ದಿನ ನೆರಳಲ್ಲಿ ಸುಮ್ನೆ ಒಣಗಲು ಬಿಡಿ. ಭಯ ಬೇಡ, ಎಲೆಯೊಳಗಿನ ನೀರು ಅದಕ್ಕೆ ಸಾಕು. ಆಮೇಲೆ ಅರ್ಧ ಮಣ್ಣು, ಅರ್ಧ ದಪ್ಪ ಮರಳು ಅಥವಾ ಸಣ್ಣ ಜಲ್ಲಿ ಸೇರಿಸಿ ಮತ್ತೆ ನೆಡಿ. ಬುಡಕ್ಕೆ ತೂತಿರುವ ಕುಂಡವೇ ಬೇಕು. ಇನ್ನು ಮುಂದೆ ನೀರು ಹಾಕಿದರೆ ತೂತಿನಿಂದ ಹರಿದು ಬರುವಷ್ಟು ಹಾಕಿ, ಮಣ್ಣು ಪೂರ್ತಿ ಒಣಗುವ ತನಕ ಮತ್ತೆ ಹಾಕಬೇಡಿ. ವಾರದ ಲೆಕ್ಕ ಬಿಟ್ಟುಬಿಡಿ. ಒಂದು ಒಣ ಕಡ್ಡಿಯನ್ನು ಮಣ್ಣಿಗೆ ಚುಚ್ಚಿ ತೆಗೆದಾಗ ಅದಕ್ಕೆ ಏನೂ ಅಂಟದಿದ್ದರೆ ನೀರಿನ ಸಮಯ ಬಂತು.

ಬುಡದ ಮರಿಗಳು ತಾಯಿಯ ಮೂರನೇ ಒಂದು ಭಾಗದಷ್ಟು ಬೆಳೆದಾಗ ಬೇರೆ ಮಾಡಬಹುದು, ತಮ್ಮದೇ ಬೇರು ಬಿಟ್ಟಿದ್ದರೆ ಇನ್ನೂ ಒಳ್ಳೆಯದು. ಎಲೆ ಕಿತ್ತು ನೆಟ್ಟು ಗಿಡ ಮಾಡಲು ಹೋಗಬೇಡಿ. ಅದು ಎಚೆವೆರಿಯಾದಲ್ಲಿ ಸುಲಭ, ಇದರಲ್ಲಿ ಕಷ್ಟ.

ಕೊನೆಗೆ ಲೇಬಲ್ ನೀವೇ ಬರೆಯಿರಿ. ಪೆನ್ನು ಬೇಡ, ಅದರ ಶಾಯಿ ಬಿಸಿಲಿಗೆ ಮಾಸಿ ಹೋಗುತ್ತದೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಪೆನ್ಸಿಲಿನಲ್ಲಿ ಹೆಸರು, ಗಿಡ ಯಾರಿಂದ ಬಂತು, ಯಾವ ತಿಂಗಳು ಹೂ ಬಿಟ್ಟಿತು ಅಂತ ಬರೆದು ಅರ್ಧದವರೆಗೆ ಮಣ್ಣಿಗೆ ಇಳಿಸಿ. ಮರಿ ಬೇರೆ ಮಾಡಿದಾಗ ಅದಕ್ಕೂ ಇದೇ ಬರೆದು ಕೊಡಿ. ಮುಂದಿನ ಗಿಡದ ಬಗ್ಗೆ ಕೇಳುವುದಿದ್ದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಎಲೆಯ ಎರಡೂ ಬದಿ ಹತ್ತಿರದಿಂದ, ಅಳತೆ ಗೊತ್ತಾಗಲು ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೋ ಕಳಿಸಿ. ಫ್ಲ್ಯಾಶ್ ಬೇಡ. ಹೂ ಇದ್ದರೆ ಅದನ್ನು ಎದುರಿನಿಂದಲೂ ಪಕ್ಕದಿಂದಲೂ ತೆಗೆಯಿರಿ.